ಜಾವಾಕ್ಕೆ ನಾನು ಕೊಟ್ಟ ಮರ್ಯಾದೆ

ಅಂಬಿಕಾ, ನಿನ್ನ ಪ್ರಾಜೆಕ್ಟ್ ರಿಪೋರ್ಟನ್ನು ಕೆಡಿಸಿದವನು ನಾನು. ಕೆಡಿಸಿ, ಕೆಡಿಸಿಲ್ಲ ಎಂದು ನಿನ್ನ ಮುಖ ನೋಡಿಯೇ ಸುಳ್ಳು ಹೇಳಿದವನೂ ನಾನೇ. ನೀನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗಿನ ಮಾತು—ನೀನು ಮರೆತಿರಲಾರೆ, ನಾನಂತೂ ಮರೆತಿಲ್ಲ.

ಮೊದಲು ನನ್ನ ಬಗ್ಗೆ ಒಂದು ಮಾತು, ಜಂಬ ಎಂದರೂ ಸರಿ. ಶರಣಬಸವೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನನ್ನ ಪ್ರಿಂಟಿಂಗ್ ಅಂಗಡಿ. ಕಲಬುರಗಿಯಲ್ಲಿ ಲಗ್ನಪತ್ರಿಕೆ ಎಂದರೆ ಇವತ್ತಿಗೂ ನನ್ನ ಕೈಯೇ ಆಗಬೇಕು. ಪತ್ರಿಕೆಗೆ ಅಂದಕ್ಕಿಂತ ಮರ್ಯಾದೆ ಮುಖ್ಯ. ದೇವರ ಹೆಸರು ಮೇಲೆ, ಹಿರಿಯರ ಹೆಸರು ದೊಡ್ಡ ಅಕ್ಷರದಲ್ಲಿ. ಸೋದರಮಾವನ ಹೆಸರು ಒಂದು ಎಳೆ ಸಣ್ಣದಾದರೂ ಅಕ್ಷತೆ ಬೀಳುವ ಮೊದಲೇ ಜಗಳ ಬೀಳುತ್ತದೆ. ಒಮ್ಮೆ ಹಾಗಾಗಿ, ಆ ಮಾವ ಊಟದ ಎಲೆ ಬಿಟ್ಟು ಎದ್ದು ಹೋಗಿದ್ದರು. ಅಂದಿನಿಂದ ನನ್ನ ಅಂಗಡಿಗೆ ಒಂದೇ ಕಾನೂನು—ಹೆಸರು ಕಂಡರೆ ದೊಡ್ಡದು ಮಾಡು.

ನೀನು ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಪೆನ್‌ಡ್ರೈವ್ ಕೊಟ್ಟೆ. "ಕಾಕಾ, ಪ್ರಿಂಟ್ ತಗದು ಬೈಂಡಿಂಗ್ ಮಾಡಿ ಇಡ್ರಿ, ಮುಂಜಾನೆ ಒಯ್ತೀನಿ" ಎಂದು ಹೋದೆ. ನಾನು ತೆರೆದು ನೋಡಿದೆ. ಪುಟಪುಟಕ್ಕೂ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳ ಹೆಸರು ಇವು ಎಂಬಷ್ಟು ನನಗೂ ಗೊತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ಬರೆದ ಆ ಹೆಸರುಗಳಿಗೆ ಒಂದು ಶಿಸ್ತಿಲ್ಲ! ಒಂದು ಕಡೆ ಮೊದಲಕ್ಷರ ಮಾತ್ರ ದೊಡ್ಡದು, ಅಂದರೆ ಕ್ಯಾಪಿಟಲ್, ಇನ್ನೊಂದು ಕಡೆ ಪೂರ್ತಿ ಸಣ್ಣಕ್ಷರ, ಮತ್ತೊಂದಕ್ಕೆ ನಟ್ಟನಡುವೆ ಒಂದು ದೊಡ್ಡಕ್ಷರ. ಕನ್ನಡದಲ್ಲಿ ಈ ತಂಟೆಯೇ ಇಲ್ಲ. ಪಾಪ, ಹುಡುಗಿಗೆ ತಿಳಿದಿಲ್ಲ ಎಂದುಕೊಂಡೆ. ಭಾಷೆಗಳೂ ಹಿರಿಯರೇ ಅಲ್ಲವೇ—ಇರಲಿ, ನಾನು ಮರ್ಯಾದೆ ಕೊಡುತ್ತೇನೆ ಎಂದು ಒಂದೇ ಏಟಿಗೆ ಇಡೀ ರಿಪೋರ್ಟಿನಲ್ಲಿ ಆ ಹೆಸರುಗಳನ್ನೆಲ್ಲ ದೊಡ್ಡಕ್ಷರ ಮಾಡಿಬಿಟ್ಟೆ.

ಹಿಂದಿನ ಪುಟಗಳಲ್ಲಿದ್ದ ನಿನ್ನ ಪ್ರೋಗ್ರಾಮಿನ ಸಾಲುಗಳೊಳಗೂ ಅವು ಬದಲಾದವು. ಅಲ್ಲಿ ಸಣ್ಣಕ್ಷರ ಸಣ್ಣದಾಗಿಯೇ ಇರಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿಯದೆ ಮಾಡಿದ್ದು ಎನ್ನಬಹುದು—ಎನ್ನುವುದಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ? ನನ್ನ ಕೈಗೆ ಕೇಳಿ ಅಭ್ಯಾಸವಿರಲಿಲ್ಲ.

ಮರುದಿನ ಮಧ್ಯಾಹ್ನ ನೀನು ಓಡಿ ಬಂದೆ. ಪರೀಕ್ಷೆ ಮಾಡುವ ನಿಮ್ಮ ಸರ್ ರಿಪೋರ್ಟಿನಲ್ಲಿದ್ದದ್ದನ್ನು ಇದ್ದಹಾಗೇ ಟೈಪ್ ಮಾಡಿಸಿದ್ದರು, ಪ್ರೋಗ್ರಾಮ್ ನಡೆಯಲಿಲ್ಲ. ನಿನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ನಡೆಯಿತು. "ಎರಡರಾಗ ಒಂದು ನಿಂದಲ್ಲ, ಯಾರದೋ ಇಳಿಸೀದಿ" ಎಂದರಂತೆ. ಅಂಗಡಿಯಲ್ಲಿ ಬದಲಾಗಿರಬೇಕು ಎಂದು ನೀನು ಹೇಳಿದ್ದಕ್ಕೆ, ಹಾಗಾದರೆ ಅಂಗಡಿಯವನನ್ನೇ ಕರೆದುಕೊಂಡು ಬಾ ಎಂದಿದ್ದರು.

"ಕಾಕಾ, ನೀವೇನರ ಬದಲು ಮಾಡೀರೇನ್ರಿ? ಮಾಡಿದ್ರ ಒಂದ್ ಮಾತು ಬಂದು ಹೇಳ್ರಿ."

ಅಂಗಡಿಯಲ್ಲಿ ಬೀಗರಿಬ್ಬರು ಪತ್ರಿಕೆಯ ಪ್ರೂಫ್ ನೋಡುತ್ತ ಕೂತಿದ್ದರು. ಅವರೆದುರು ನನ್ನ ಕೈ ತಪ್ಪಿತೆಂದು—

"ನಾ ಒಂದಕ್ಷರಾನೂ ಮುಟ್ಟಿಲ್ಲವ್ವ. ನೀ ಹೆಂಗ ಕೊಟ್ಟಿದ್ದಿ, ಹಂಗ ತಗದೀನಿ."

ನೀನು "ಆಯ್ತ್ರಿ" ಎಂದು ಹೋದೆ. ಆ ಸರ್ ತಮ್ಮ ಲ್ಯಾಬಿನಲ್ಲಿ ನಿನಗೇ ಕೊಡುತ್ತೇನೆಂದಿದ್ದ ಕೆಲಸ ಬೇರೆಯವರಿಗೆ ಹೋಯಿತು. ನಕಲು ಮಾಡಿದವಳು ಎಂಬ ಹೆಸರು ಹೊತ್ತು ನೀನು ಕಮಲಾಪುರಕ್ಕೆ ತಿರುಗಿದೆ. ಇದೆಲ್ಲ ನನ್ನ ಕಿವಿಗೆ ಬಿದ್ದಿತ್ತು. ಆದರೂ ಸುಮ್ಮನಿದ್ದೆ.

ಹೋದ ತಿಂಗಳು ನೀನು ಮತ್ತೆ ಬಂದೆ. ಕಮಲಾಪುರದಲ್ಲಿ ನಿನ್ನದೇ ಕಂಪ್ಯೂಟರ್ ಶಾಲೆ ಆರಂಭ, ಪತ್ರಿಕೆ ನನ್ನಿಂದಲೇ ಆಗಬೇಕಂತೆ. ಮುಖ್ಯ ಅತಿಥಿ ಅದೇ ಸರ್—ಏನಾದರೂ ಕಲಿಸಿದವರು ಅವರೇ ಎಂದೆ. ಕೆಳಗೆ ನೀನು ಕಲಿಸುವ ಭಾಷೆಗಳ ಹೆಸರು. ನಮ್ಮ ಹುಡುಗಿ ಎಂದು ನನ್ನ ಎದೆ ಉಬ್ಬಿತು—ಹಾಗೆನ್ನುವ ಹಕ್ಕು ನನಗಿಲ್ಲ, ಆದರೂ ಉಬ್ಬಿತು. ನೀನು ನಗುತ್ತ ಹೇಳಿದೆ:

"ಹಿರಿಯಾರ ಹೆಸರು ಎಷ್ಟ್ ಬೇಕಾದ್ರೂ ದೊಡ್ಡದು ಮಾಡ್ರಿ ಕಾಕಾ. ಇವ್ನ ಮಾತ್ರ ಈ ಸರ್ತಿ ಇದ್ದಂಗ ಬಿಡ್ರಿ."

ಈ ಸರ್ತಿ! ಅಂದರೆ ನಿನಗೆ ಎಲ್ಲ ಗೊತ್ತಿತ್ತು.

ಪತ್ರಿಕೆ ಮಾಡಿದೆ. ಒಂದೊಂದು ಹೆಸರನ್ನೂ ಅದನ್ನು ಹುಟ್ಟಿಸಿದವರು ಬರೆಯುವ ಹಾಗೆಯೇ ಇಟ್ಟೆ. ಇದಕ್ಕಿಂತ ಚೆಂದದ ಕೆಲಸ ನನ್ನ ಕೈಯಿಂದ ಆಗಿಲ್ಲ, ಆ ಹೆಮ್ಮೆಯನ್ನು ಬಚ್ಚಿಡಲಾರೆ. ಸರ್‌ಗೆ ಪತ್ರಿಕೆ ಮುಟ್ಟಿಸುವ ಕೆಲಸವನ್ನು ನಿನ್ನಿಂದ ಕೇಳಿ ಪಡೆದುಕೊಂಡೆ. ನಿನ್ನೆ ಕೋಟನೂರಿನ ಅವರ ಮನೆಯಲ್ಲಿ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

ಅವರು ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಅಂದರು: "ಆಕಿ ಅವತ್ತ ವಾಪಸ್ ಬಂದು ನನ್ನ ಮುಂದ ಅತ್ತಳು. ಅಂಗಡಿಯವ ಏನಂದ ಅಂತ ಕೇಳಿದ್ರ, ಅಂಗಡಿ ಮುಚ್ಚಿತ್ರಿ ಅಂದ್ಲು."

ನಿನ್ನ ಹೆಸರು ಕೆಡುತ್ತಿದ್ದ ಹೊತ್ತಿನಲ್ಲಿ ನೀನು ನನ್ನ ಸುಳ್ಳನ್ನು ಬಯಲಿಗಿಡದೆ ನನ್ನ ಹೆಸರನ್ನು ಉಳಿಸಿದ್ದೆ.

ಉದ್ಘಾಟನೆಗೆ ನಾನೂ ಬರುತ್ತೇನೆ. ಸರ್‌ಗೆ ಹೇಳಿದ್ದನ್ನು ನಿಮ್ಮ ಅಪ್ಪನ ಎದುರು, ನಿನ್ನನ್ನು ಆಡಿಕೊಂಡ ಊರಿನ ಎದುರು ಹೇಳುತ್ತೇನೆ. ನೀನು ಆಗ ನಡುವೆ ಬರಬೇಡ, ಅಂಬಿಕಾ—ಇನ್ನೊಮ್ಮೆ ನನ್ನನ್ನು ಕಾಪಾಡಬೇಡ.