ನನ್ನ ದೋಸೆ, ಅವಳ ಕಪ್ಪು ಹಲಗೆ

ಶುಗರ್ ಇದ್ದವರು ಮದುವೆಮನೆಯಲ್ಲಿ ಹೋಳಿಗೆ ಬಂದ ಕೂಡಲೇ ಎಲೆಗೆ ಕೈ ಅಡ್ಡ ಹಿಡಿದು "ನನಗೆ ಶುಗರ್ ಇದೆ" ಎಂದು ಸಂಕೋಚವಿಲ್ಲದೆ ಹೇಳುತ್ತಾರೆ. ಬಿ.ಪಿ. ಇದ್ದವರೂ ಹೇಳುತ್ತಾರೆ. ಥೈರಾಯ್ಡ್ ಇದ್ದವರಂತೂ ಕೇಳದೆಯೇ ಹೇಳುತ್ತಾರೆ. ಆದರೆ "ನನಗೆ ಹೊಟ್ಟೆಕಿಚ್ಚು ಇದೆ" ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಹೋಗಲಿ, ನಾನೇ ಶುರು ಮಾಡುತ್ತೇನೆ. ನನಗೆ ಇದೆ. ಊಟಕ್ಕೆ ಮೊದಲೂ ಇದೆ, ಊಟವಾಗಿ ಎರಡು ಗಂಟೆಯ ಮೇಲೂ ಇದೆ. ಈಚೆಗೆ ಸ್ವಲ್ಪ ಜಾಸ್ತಿಯಾಗಿದೆ. ಕಾರಣ, ಆಫೀಸಿನಲ್ಲಿ ನನ್ನ ಎದುರು ಕುರ್ಚಿಯಲ್ಲಿ ಕೂರುವ ತೇನ್ಮೊಳಿ ಎಂಬ ಹುಡುಗಿ.

ನಾನು ವೆಬ್ ಡಿಸೈನರ್. ಮನೆಯವರ ಲೆಕ್ಕದಲ್ಲಿ ಇದು ವೈಫೈ ಕೆಟ್ಟಾಗ ರಿಪೇರಿ ಮಾಡುವ ಕೆಲಸ. ನಿಜವಾಗಿ ಮಾಡುವುದೇನೆಂದರೆ, ಕಂಪನಿಗಳ ವೆಬ್‌ಸೈಟುಗಳು ಹೇಗೆ ಕಾಣಬೇಕು, ಎಲ್ಲಿ ಒತ್ತಿದರೆ ಏನು ತೆರೆಯಬೇಕು ಎಂದು ಯೋಚಿಸುವುದು. ಚೆನ್ನೈಯಲ್ಲಿ ಹುಟ್ಟಿ ಬೆಳೆದ ಉಡುಪಿ ಕಡೆಯವಳು ನಾನು. ಅಪ್ಪ ಇಲ್ಲಿನ ಬ್ಯಾಂಕಿನಲ್ಲಿದ್ದರು. ಈ ಕಸುಬಿನಲ್ಲಿ ಇಪ್ಪತ್ತು ವರ್ಷ ಸವೆಸಿದ್ದೇನೆ. ವರ್ಷಕ್ಕೊಮ್ಮೆ ಯಾವುದಾದರೂ ಕಾಲೇಜಿನವರು ಕರೆದರೆ ಹೋಗಿ, "ಸೃಜನಶೀಲತೆ ಎಂದರೆ ಎಲ್ಲರ ಕಣ್ಣೆದುರು ಇದ್ದೂ ಯಾರೂ ಕಾಣದ್ದನ್ನು ಕಾಣುವುದು" ಎಂದು ಸ್ಲೈಡ್ ಹಾಕಿ ಭಾಷಣ ಮಾಡುತ್ತೇನೆ. ಮಕ್ಕಳು ಅದನ್ನು ಫೋಟೋ ಹೊಡೆದುಕೊಳ್ಳುತ್ತಾರೆ. ಆ ಸ್ಲೈಡಿನ ಬಣ್ಣ ಬಹಳ ಚೆನ್ನಾಗಿದೆ.

ಹೊಟ್ಟೆಕಿಚ್ಚಿನ ವಿಷಯದಲ್ಲಿ ಕನ್ನಡಕ್ಕೂ ತಮಿಳಿಗೂ ಯಾವ ಜಗಳವೂ ಇಲ್ಲ. ಇಲ್ಲಿನವರು ಅದಕ್ಕೆ ವಯಿತ್ತೆರಿಚ್ಚಲ್ ಎನ್ನುತ್ತಾರೆ, ಎಂದರೆ ಹೊಟ್ಟೆಯ ಉರಿಯೇ. ಕಾವೇರಿಯ ಆಚೆಗೂ ಈಚೆಗೂ ಅದು ಹತ್ತಿಕೊಳ್ಳುವ ಜಾಗ ಒಂದೇ. ಇಂಗ್ಲಿಷಿನವರು ಮಾತ್ರ ಹಸಿರಾಗುತ್ತಾರಂತೆ. ಇಷ್ಟು ವರ್ಷ ಬಣ್ಣಗಳ ಜೊತೆ ಬಾಳಿದವಳಾಗಿ ನಾನು ಇದನ್ನು ಒಪ್ಪುವುದಿಲ್ಲ. ಹಸಿರು ತಂಪು ಬಣ್ಣ, ಆಸ್ಪತ್ರೆಯವರು ಬೇಕೆಂದು ಕೇಳಿ ಹಾಕಿಸಿಕೊಳ್ಳುವ ಬಣ್ಣ. ಮತ್ಸರಕ್ಕೆ ಒಲೆಯ ಬಾಯಿಯ ಕೆಂಪೇ ಸರಿ.

ಡಿಸೈನರುಗಳು ಈ ಉರಿಯನ್ನು ಮುಚ್ಚಿಡಲು ಒಂದು ಸಭ್ಯ ಭಾಷೆಯನ್ನೇ ಕಟ್ಟಿಕೊಂಡಿದ್ದೇವೆ. ಇನ್ನೊಬ್ಬರ ಕೆಲಸ ನೋಡಿ "ಕ್ಲೀನ್ ಆಗಿದೆ" ಎಂದರೆ ಪರವಾಗಿಲ್ಲ ಎಂದರ್ಥ. "ಇಂಟರೆಸ್ಟಿಂಗ್" ಎಂದರೆ ಬಿಸಾಡಬಹುದು ಎಂದರ್ಥ. ಏನೂ ಹೇಳದೆ ಪರದೆಯ ಕಡೆ ಸ್ವಲ್ಪ ವಾಲಿ, ಆಮೇಲೆ ಕುರ್ಚಿಗೆ ಒರಗಿ, "ಇದು ಹಳೆ ಫೋನುಗಳಲ್ಲಿ ಬೇಗ ತೆರೆಯುತ್ತಾ?" ಎಂದು ಕೇಳಿದರೆ, ಒಳಗೆ ಚೆನ್ನಾಗಿಯೇ ಹತ್ತಿಕೊಂಡಿದೆ ಎಂದು ತಿಳಿಯಬೇಕು. ತೇನ್ಮೊಳಿ ಸೇರಿದ ಮೇಲೆ ಹಳೆ ಫೋನುಗಳ ಬಗ್ಗೆ ನನ್ನ ಕಾಳಜಿ ಮಿತಿಮೀರಿದೆ.

ಅವಳು ಇಲ್ಲಿನ ಮೀನುಬಂದರಿನ ಪಕ್ಕದ ರಾಯಪುರಂನವಳು. ಅವಳ ಅಮ್ಮ ಮೀನು ಮಾರುತ್ತಾರೆ. ಅವಳು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿಲ್ಲ. ನನ್ನನ್ನು "ಅಕ್ಕಾ" ಎಂದು ಕರೆಯುತ್ತಾಳೆ, ಕಾಫಿ ತಂದುಕೊಡುತ್ತಾಳೆ, ಸಂದೇಹ ಬಂದರೆ ನನ್ನನ್ನೇ ಕೇಳುತ್ತಾಳೆ. ದ್ವೇಷಿಸಲು ಒಂದಾದರೂ ಕಾರಣ ಕೊಡಬಾರದೇ ಮಹಾತಾಯಿ? ಕೊಡುವುದಿಲ್ಲ. ಮತ್ಸರಪಡುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಹೀಗಿರುವಾಗ ನಮ್ಮ ಚಿಕ್ಕಪ್ಪ ತಮ್ಮ ಹೋಟೆಲಿಗೆ ವೆಬ್‌ಸೈಟ್ ಬೇಕು ಎಂದು ನಮ್ಮ ಆಫೀಸಿಗೆ ಬಂದರು. ಟಿ. ನಗರದಲ್ಲಿ, ಬಟ್ಟೆಯಂಗಡಿಗಳ ನಡುವೆ ನುಸುಳಿಕೊಂಡಂತಿರುವ ಸಸ್ಯಾಹಾರಿ ಹೋಟೆಲು ಅದು. ಅಲ್ಲಿನ ಮೊದಲ ಮೆನು ಕಾರ್ಡನ್ನು ಹತ್ತನೇ ಕ್ಲಾಸಿನಲ್ಲಿದ್ದಾಗ ನಾನೇ ಬರೆದದ್ದು. ಅಂದಿನಿಂದ ಚಿಕ್ಕಪ್ಪನ ಬಾಯಲ್ಲಿ ನಾನು "ನಮ್ಮ ಮನೆಯ ಆರ್ಟಿಸ್ಟು". ಬೇರೆ ಯಾರು ಏನೇ ಅಂದರೂ ಆ ಬಿರುದು ನನ್ನದು ಎಂದು ನಂಬಿಕೊಂಡು ಬಂದವಳು ನಾನು. ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ಕೆಲಸಕ್ಕೂ ಇಬ್ಬರು ಬೇರೆ ಬೇರೆ ವಿನ್ಯಾಸ ಮಾಡಬೇಕು, ಗಿರಾಕಿ ಒಂದನ್ನು ಆರಿಸಬೇಕು. ಬಾಸ್ ಎರಡನೆಯದನ್ನು ತೇನ್ಮೊಳಿಗೆ ವಹಿಸಿದರು. ಚಿಕ್ಕಪ್ಪನ ಹೋಟೆಲಿನ ಕೆಲಸದಲ್ಲಿ ಅವಳದು ಬರೀ ಶಾಸ್ತ್ರಕ್ಕೆ ಎಂದುಕೊಂಡು ನಾನು ನಿಶ್ಚಿಂತಳಾಗಿದ್ದೆ.

ನಾನು ಮಾಡಿದ್ದು ದೋಸೆ. ಪುಟ ತೆರೆದರೆ ಸುರುಳಿ ಸುತ್ತಿದ ಹೊಂಬಣ್ಣದ ದೋಸೆ. ಬೆರಳಿನಿಂದ ಸರಿಸುತ್ತ ಹೋದ ಹಾಗೆ ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ಒಳಗಿನಿಂದ ಹೋಟೆಲಿನ ಚರಿತ್ರೆ, ತಿಂಡಿಗಳ ಫೋಟೋ, ಹಿತ್ತಾಳೆ ಲೋಟದಿಂದ ಏಳುವ ಹಬೆ ಎಲ್ಲ ಬರುತ್ತದೆ. ದೋಸೆಯ ಅಂಚು ಗರಿಗರಿಯಾಗಿ ಕಾಣಬೇಕೆಂದು ಮೂರು ವಾರ ಒದ್ದಾಡಿದೆ. ಹೋಟೆಲಿನ ವಿಳಾಸ ಬೇಕಾದವರು ದೋಸೆಯನ್ನು ಪೂರ್ತಿ ಬಿಚ್ಚಬೇಕಾಗಿತ್ತು ಎಂಬುದು ಸಣ್ಣ ತೊಡಕು. ಬಾಸ್ ನೋಡಿ "ಇನೋವೇಶನ್!" ಎಂದರು. ಅವರು ಆಫೀಸಿನ ಹೊಸ ನೀರಿನ ಫಿಲ್ಟರನ್ನು ಕಂಡಾಗಲೂ ಹಾಗೆಯೇ ಅಂದಿದ್ದರು.

ಆ ಮೂರು ವಾರದಲ್ಲಿ ತೇನ್ಮೊಳಿ ಮಾಡಿದ್ದೇನು? ಹೋಟೆಲಿಗೆ ಹೋಗಿ ಗೋಳಿಬಜೆ ತಿಂದಳು. ಹೋಟೆಲಿನ ಎದುರಿನ ಬಸ್‌ಸ್ಟಾಪಿನಲ್ಲಿ ಮೂರು ದಿನ ಸಾಯಂಕಾಲವೆಲ್ಲ ಬಸ್ಸು ಹತ್ತದೆ ಕೂತಳು. "ರಿಸರ್ಚಾ?" ಎಂದು ನಾನು ಅಣಕಿಸಿದೆ. "ಆಮಾ ಅಕ್ಕಾ" ಎಂದು ಹೌದೆನ್ನುತ್ತ ನಕ್ಕಳು.

ಆಮೇಲೆ ಒಂದು ದಿನ ಅವಳ ವಿನ್ಯಾಸ ನೋಡಿದೆ. ಅದನ್ನು ವಿವರಿಸುವ ಮುಂಚೆ ಚಿಕ್ಕಪ್ಪನ ಒಂದು ಹಟದ ಬಗ್ಗೆ ಹೇಳಬೇಕು. ಅವರ ಹೋಟೆಲಿನಲ್ಲಿ ಬೆಳಿಗ್ಗೆ ಎಷ್ಟು ಅರೆದಿದ್ದಾರೋ ಅಷ್ಟೇ. ಗೋಳಿಬಜೆ ಮುಗಿದರೆ ಮುಗಿಯಿತು, ಯಾರು ಬಂದು ಕೇಳಿದರೂ ಎರಡನೇ ಸಲ ಹಿಟ್ಟು ಕಲಸುವುದಿಲ್ಲ. ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ಅಂದಿನ ತಿಂಡಿಗಳನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ, ಒಂದೊಂದು ಮುಗಿದ ಹಾಗೆಲ್ಲ ಚಿಕ್ಕಪ್ಪನೇ ಗಲ್ಲಾ ಬಿಟ್ಟು ಎದ್ದು ಬಂದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ದಿನವೂ ಬರುವವರು ಬಸ್ಸಿಳಿದು ರಸ್ತೆಯ ಆಚೆಯಿಂದಲೇ ಹಲಗೆ ನೋಡಿ, ದಾಟುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ತೇನ್ಮೊಳಿಯ ಪುಟದಲ್ಲಿ ಇದ್ದದ್ದು ಆ ಹಲಗೆ, ಅಷ್ಟೇ. ಫೋಟೋ ಇಲ್ಲ, ಚರಿತ್ರೆ ಇಲ್ಲ. ಕಪ್ಪು ಪುಟ, ಬಿಳಿ ಅಕ್ಷರದಲ್ಲಿ ಇವತ್ತಿನ ತಿಂಡಿ, ಕೆಳಗೆ ವಿಳಾಸ. ಗಲ್ಲಾದಲ್ಲಿ ಕೂತವರು ತಮ್ಮ ಫೋನಿನ ಮೇಲೆ ಬೆರಳಿನಿಂದ ಒರೆಸಿದರೆ, ಊರಿನ ಎಲ್ಲರ ಫೋನಿನಲ್ಲೂ ಆ ಹೆಸರು ಅಳಿಸಿಹೋಗುತ್ತದೆ. ಅವಳು ತನ್ನ ಫೋನಿನಲ್ಲಿ ಒರೆಸಿ ತೋರಿಸಿದಳು, ನಾನು ನೋಡುತ್ತಿದ್ದಂತೆಯೇ ನನ್ನ ಫೋನಿನಲ್ಲಿ ಬನ್ಸ್ ಅಳಿಸಿಹೋಯಿತು. ಅಯ್ಯೋ, ಇನ್ನು ಗೋಳಿಬಜೆಯೂ ಹೋದೀತು ಎಂದು ನನಗೇ ಗಾಬರಿಯಾಗಿ ಚಪ್ಪಲಿ ಹುಡುಕುವ ಹಾಗಾಯಿತು. "ಹೇಗೆ ಹೊಳೆಯಿತು ನಿನಗೆ?" ಎಂದು ಕೇಳಿದೆ.

"ನಮ್ಮಲ್ಲಿ ಅಮ್ಮನ ಹತ್ತಿರ ಬರುವವರು ಏನಿದೆ ಅಂತ ಕೇಳೋದಿಲ್ಲ ಅಕ್ಕಾ," ಎಂದಳು ತನ್ನ ತಮಿಳಿನಲ್ಲಿ, "ವಂಜರಂ ಮೀನು ಮುಗಿದುಹೋಯಿತಾ ಅಂತ ದೂರದಿಂದಲೇ ಕೂಗ್ತಾರೆ. ನಿಮ್ಮ ಚಿತ್ತಪ್ಪನ ಹೋಟೆಲಲ್ಲೂ ಎಲ್ಲರೂ ಅದನ್ನೇ ನೋಡ್ತಾ ಇದ್ದರು."

ಎಂಥ ಅವಮಾನ ನೋಡಿ! ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ನಮ್ಮ ಹೋಟೆಲಿನ ಗುಟ್ಟು ಮೀನು ಮಾರುವವರ ಮಗಳಿಗೆ ಮೂರು ದಿನದಲ್ಲಿ ತಿಳಿಯಿತು. ಅದೇ ಹಲಗೆಯ ಕೆಳಗೆ ಚಪ್ಪಲಿ ಬಿಟ್ಟು ಬೆಳೆದ ನನಗೆ ತಿಳಿಯಲಿಲ್ಲ. ನಾನು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. "ಹಳೆ ಫೋನುಗಳಲ್ಲಿ ಬೇಗ ತೆರೆಯುತ್ತಾ?" ಎಂದು ಕೇಳಿದೆ. ಕ್ಷಣಮಾತ್ರದಲ್ಲಿ ತೆರೆಯುತ್ತಿತ್ತು. ತೆರೆಯದೇ ಇದ್ದದ್ದು ನನ್ನ ದೋಸೆ.

ಪುರಾಣದಲ್ಲಿ ಒಬ್ಬ ರಾಜ ಒಬ್ಬ ಋಷಿಯ ಹಸುವನ್ನು ಕಂಡು ಕರುಬಿ, ಆ ಉರಿಯಲ್ಲೇ ತಪಸ್ಸು ಮಾಡಿ, ಕೊನೆಗೆ ಬೇರೆ ಒಂದು ಸ್ವರ್ಗವನ್ನೇ ಕಟ್ಟಿದನಂತೆ. ತೆಂಗಿನಕಾಯಿಗೆ ಮೂರು ಕಣ್ಣು ಬಂದದ್ದೂ ಅವನ ಕೈಚಳಕದಿಂದ ಎಂದು ಅಜ್ಜಿ ಹೇಳುತ್ತಿದ್ದಳು. ಮತ್ಸರದಿಂದಲೂ ಹೊಸದು ಹುಟ್ಟಬಹುದು ಎಂದು ನಾನು ಆ ವಾರವೆಲ್ಲ ಕಾದೆ. ಹುಟ್ಟಿದ್ದು ಎದೆಯುರಿ ಮಾತ್ರ. ಅದಕ್ಕೆ ಗುಳಿಗೆ ತಗೊಂಡೆ.

ಚಿಕ್ಕಪ್ಪನಿಗೆ ಎರಡನ್ನೂ ತೋರಿಸುವ ದಿನ ತೇನ್ಮೊಳಿ ರಜೆಯಲ್ಲಿದ್ದಳು, ಅಕ್ಕನ ಸೀಮಂತ. "ನೀವೇ ಹೋಗಿ ಎರಡನ್ನೂ ತೋರಿಸಿ ಬನ್ನಿ" ಎಂದರು ಬಾಸ್. ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಮುಗಿದ ಹೊತ್ತಿಗೆ ಹೋದೆ. ಗಲ್ಲಾದ ಪಕ್ಕದ ಮೇಜಿನಲ್ಲಿ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್ ತೆರೆದು ನನ್ನ ದೋಸೆಯನ್ನು ಕಾಲು ಗಂಟೆ ಬಿಚ್ಚಿದೆ. ಆಮೇಲೆ, "ಇನ್ನೊಂದು ಉಂಟು, ಸುಮ್ಮನೆ" ಎಂದು ತೇನ್ಮೊಳಿಯದನ್ನು ಹೀಗೆ ತೆರೆದು ಹಾಗೆ ಮುಚ್ಚಿದೆ. ಮಾಡಬಾರದಿತ್ತು. ಆದರೂ ಮಾಡಿದೆ.

"ತಡಿ ಸುಮಾ," ಎಂದರು ಚಿಕ್ಕಪ್ಪ. "ಅದನ್ನು ಇನ್ನೊಮ್ಮೆ ತೋರ್ಸು."

ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಬೆರಳಿನಿಂದ ನೀರುದೋಸೆಯನ್ನು ಒರೆಸಿದರು. ಅದು ಅಳಿಸಿಹೋಯಿತು. ಮಗುವಿನ ಹಾಗೆ ನಕ್ಕು, ಮೂವತ್ತು ವರ್ಷದಿಂದ ಅಲ್ಲೇ ಇರುವ ಸಪ್ಲಾಯರನ್ನು ಕೂಗಿದರು. "ಶೀನಾ, ಇಲ್ಲಿ ವಾಪ್ಪಾ! ನಮ್ಮ ಸುಮ ಎಂತ ಮಾಡಿದ್ದಾಳೆ ನೋಡು. ಮೊದಲು ತೋರಿಸಿದ್ದು ಯಾರೋ ಬೊಂಬಾಯಿಯವರದ್ದು ಇರ್ಬೇಕು, ದೋಸೆಯನ್ನು ಕಂಬಳಿ ಹಾಗೆ ಬಿಚ್ಚಿದ್ದಾರೆ. ಇದು ನೋಡು, ಇದು ಮನೆಯವರಿಗಲ್ಲದೆ ಬೇರೆ ಯಾರಿಗೆ ಗೊತ್ತಾಗ್ತದೆ?"

ನಾನು ಸುಮ್ಮನಿದ್ದೆ. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಶೀನಣ್ಣ ಬಂದು ನೋಡಿ, "ಸೂಪರಾ ಇರುಕ್ಕು ಅಕ್ಕ" ಎಂದ. ಅಡುಗೆಮನೆಯಿಂದ ಇನ್ನಿಬ್ಬರು ಬಂದು ನೋಡಿದರು. ಬಿಸಿ ಕಾಫಿ ಬಂತು. ಹೊಗಳಿಕೆ ಎಂಥ ರುಚಿಯಾದ ಪದಾರ್ಥ, ಇನ್ನೊಬ್ಬರ ಎಲೆಯದಾದರೂ ಒಳಗೆ ಇಳಿಯುತ್ತದೆ!

"ಒಂದು ಹೇಳು," ಎಂದರು ಚಿಕ್ಕಪ್ಪ. "ಒರೆಸಿದ ಮೇಲೆ ಹೆಸರು ಪೂರ್ತಿ ಹೋಗುದಿಲ್ಲ ನೋಡು, ಮಸುಕಾಗಿ ಕೆಳಗೆ ಕಾಣ್ತದೆ. ನಮ್ಮ ಹಲಗೆಯಲ್ಲೂ ಹಾಗೇ. ಇಷ್ಟು ವರ್ಷ ಒರೆಸಿದ ನಂಗೇ ಅದು ನೆನಪಿಗೆ ಬಂದಿರ್ಲಿಲ್ಲ. ನಿಂಗೆ ಹೇಗೆ ಕಂಡಿತು?"

ನನಗೆ ಕಂಡಿರಲಿಲ್ಲ. ಆ ಮಸುಕು ಅಕ್ಷರ ಈ ಪರದೆಯಲ್ಲಿ ಇದೆ ಎಂಬುದೂ ಆಗಲೇ ನನಗೆ ಗೊತ್ತಾದದ್ದು. ಹೊಟ್ಟೆಕಿಚ್ಚಿನಲ್ಲಿ ಅವಳ ಕೆಲಸವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ. ಏನಾದರೊಂದು ಹೇಳಬಹುದಿತ್ತು, ಭಾಷಣ ಮಾಡಿ ಅಭ್ಯಾಸವಿದ್ದ ಬಾಯಿ. ಆದರೆ ಚಿಕ್ಕಪ್ಪ ನಿಜವಾಗಿಯೂ ತಿಳಿಯಬೇಕೆಂದು ನನ್ನ ಮುಖ ನೋಡುತ್ತಿದ್ದರು.

"ಇದು ನಂದಲ್ಲ ಚಿಕ್ಕಪ್ಪ," ಎಂದೆ. "ನಮ್ಮ ಆಫೀಸಿನ ತೇನ್ಮೊಳಿಯದು. ಕಂಬಳಿ ನಂದು."

ಶೀನಣ್ಣ ಜಾಣ, ಲೋಟ ತೆಗೆದುಕೊಂಡು ಒಳಗೆ ಹೋದ. ಚಿಕ್ಕಪ್ಪ ಕನ್ನಡಕ ಇಳಿಸಿದರು. "ಮತ್ತೆ ಇಷ್ಟು ಹೊತ್ತು ಎಂತಕ್ಕೆ ಸುಮ್ಮನೆ ಕೂತಿದ್ದೆ?"

"ಹೊಟ್ಟೆಕಿಚ್ಚು," ಎಂದೆ. ಕಣ್ಣಲ್ಲಿ ನೀರು ಬಂದದ್ದನ್ನು ಕಾಫಿಯ ಬಿಸಿಯ ಮೇಲೆ ಹಾಕಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ಎದುರಿನ ಸಾಲಿನಲ್ಲಿ ಒಬ್ಬ ಹೋಟೆಲಿನವ ಇದ್ದ," ಎಂದರು. "ಅವನ ಸಾಂಬಾರಿನ ಮೇಲೆ ನಂಗೆ ಎಂಥ ಹೊಟ್ಟೆಕಿಚ್ಚು ಅಂತಿ ಮಾರಾಯ್ತಿ! ಕದ್ದು ಹೋಗಿ ತಿಂದು ಬರ್ತಿದ್ದೆ. ಬಂದು ನಮ್ಮದ್ದನ್ನು ಸರಿಮಾಡ್ತಿದ್ದೆ. ಅವ ಬಾಗಿಲು ಹಾಕಿ ಊರಿಗೆ ಹೋದ. ಆ ಮೇಲೆ ನಮ್ಮ ಸಾಂಬಾರು ಒಂದು ಸುತ್ತು ಇಳಿದಿದೆ. ತಿನ್ನುವವರಿಗೆ ಗೊತ್ತಾಗ್ಲಿಲ್ಲ. ನಂಗೆ ಗೊತ್ತುಂಟು." ಆಮೇಲೆ, "ಆ ಹುಡುಗಿಯನ್ನು ಊಟಕ್ಕೆ ಕರ್ಕೊಂಡು ಬಾ" ಎಂದು ಗಲ್ಲಾಕ್ಕೆ ಎದ್ದರು. ನಮ್ಮ ಮನೆಯ ಆರ್ಟಿಸ್ಟು ಎಂದು ಆ ದಿನ ಹೇಳಲಿಲ್ಲ.

ಮರುದಿನ ತೇನ್ಮೊಳಿಗೆ ಎಲ್ಲವನ್ನೂ ಹೇಳಿದೆ, ಕಾಲು ಗಂಟೆಯ ದೋಸೆಯನ್ನೂ, ನನ್ನ ಮೌನವನ್ನೂ. ಅವಳು ಕೇಳಿಸಿಕೊಂಡು, "ಪರವಾಯಿಲ್ಲೆ ಅಕ್ಕಾ, ಹೇಳಿಬಿಟ್ಟಿರಲ್ಲ" ಎಂದಳು. ಆಮೇಲೆ ಸೀಮಂತದ ಬಳೆ ತೋರಿಸಿದಳು. ಇದು ಕ್ಷಮೆಯೋ, ವಯಸ್ಸಾದವರ ಮೇಲಿನ ಕನಿಕರವೋ ತಿಳಿಯಲಿಲ್ಲ. ಕನಿಕರವಾಗಿದ್ದರೆ ಕ್ಷಮೆಗಿಂತ ಅದು ಕಷ್ಟ.

ಕೊನೆಯ ತಿದ್ದುಪಡಿಯ ಕೆಲಸ ಹಿರಿಯಳೆಂದು ನನ್ನ ಪಾಲಿಗೆ ಬಂತು. ಪುಟದ ಅಡಿಯಲ್ಲಿ ವಿನ್ಯಾಸ ಮಾಡಿದವರ ಹೆಸರು ಹಾಕುವುದು ನಮ್ಮಲ್ಲಿ ರೂಢಿ. ಹೆಸರಿನ ಗಾತ್ರ ಎಷ್ಟಿರಬೇಕು ಎಂದು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. "ವಿನ್ಯಾಸ: ತೇನ್ಮೊಳಿ" ಎಂದು ಟೈಪ್ ಮಾಡಿ ನೋಡಿದರೆ ನನ್ನ ಕೈ ತಾನಾಗಿಯೇ ಒಂಬತ್ತನ್ನು ಆರಿಸಿತ್ತು. ಚಾಳೀಸು ಬಂದವರಿಗೆ ಕಾಣಿಸದು. ಹತ್ತು ಮಾಡಿದೆ. ಎದುರು ಕುರ್ಚಿಯಲ್ಲಿ ಅವಳು ಯಾವುದೋ ಹೊಸ ಕೆಲಸದಲ್ಲಿ ಮುಳುಗಿದ್ದಳು. ಏನು ಮಾಡುತ್ತಿದ್ದಾಳೆ ಎಂದು ಇಣುಕಿ ನೋಡಿದೆ, ಹೊಟ್ಟೆ ಚುರ್ರೆಂದಿತು. ಹನ್ನೆರಡು ಮಾಡಿ ಸೇವ್ ಒತ್ತಿದೆ. ಹದಿನಾಲ್ಕು ಮಾಡಿದ್ದರೆ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, ಡಿಸೈನರಾಗಿ ಅಷ್ಟು ನನಗೆ ಗೊತ್ತು. ಆದರೆ ಅಷ್ಟು ದೊಡ್ಡವಳು ನಾನಿನ್ನೂ ಆಗಿಲ್ಲ.