ಬಡತನ ನೋಡಲು ಹೋದವರು

ಮುಂಬಯಿಯ ದಾದರಿನ ಕಾಲೇಜೊಂದರಲ್ಲಿ ನಾನು ಮೂವತ್ತು ವರ್ಷ ಬ್ರಿಟನ್ನಿನ ಇತಿಹಾಸ ಕಲಿಸಿದೆ. ಒಂದು ಪಾಠ ಬಂದಾಗ ಮಾತ್ರ ನನ್ನ ದನಿ ತಾನಾಗಿ ಏರುತ್ತಿತ್ತು. ಕಾರ್ಖಾನೆಗಳು ಹಳ್ಳಿಯವರನ್ನು ನಗರಕ್ಕೆ ಎಳೆದುಕೊಂಡವು. ಕೆಲಸ ಹೋದವರಿಗೆ ಸೋಮಾರಿಗಳೆಂಬ ಹೆಸರಿಟ್ಟು ವರ್ಕ್‌ಹೌಸ್ ಎಂಬ ದೊಡ್ಡಿಗೆ ತಳ್ಳಿದರು. ಕೂಲಿಯವರ ಕೈಗೆ ಮತ ಬಂದ ಮೇಲೆ ತಾನೇ ಪಕ್ಷಗಳಿಗೆ ಕರುಣೆ ಉಕ್ಕಿದ್ದು! ಮುದುಕರಿಗೆ ಪಿಂಚಣಿ ಬಂತು, ಅದೂ ನಡತೆ ಒಳ್ಳೆಯದಿದ್ದರೆ. ಮುಂದೆ ನಿರುದ್ಯೋಗಿಗಳು ಬೀದಿ ತುಂಬಿದಾಗ ಅಧಿಕಾರಿಗಳು ಮನೆಮನೆಗೆ ಹೊಕ್ಕು ಮೇಜು ಕುರ್ಚಿ ನೋಡಿದರು; ಹೆಚ್ಚಿಗೆ ಕಂಡದ್ದನ್ನು ಮೊದಲು ಮಾರಿಕೊಂಡು ಬಾ ಎಂದರು. ‘ನಾಚಿಕೆಗೆಟ್ಟವರು!’ ಎಂದು ನಾನು ಮೇಜು ಗುದ್ದುತ್ತಿದ್ದೆ. ಮಕ್ಕಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು.

ನಿವೃತ್ತನಾದ ಮೇಲೆ ಮಾಟುಂಗದ ಒಂದು ಕನ್ನಡ ಸಂಘ ನನ್ನನ್ನು ಸಹಾಯ ಸಮಿತಿಗೆ ಸೇರಿಸಿಕೊಂಡಿತು. ಸಂಘ ನಡೆಸುವವರು ಬಹುತೇಕ ನನ್ನ ಹಾಗೆ ಕರಾವಳಿಯವರು, ಹೋಟೆಲ್ ಇಟ್ಟವರು. ಸಹಾಯ ಕೇಳಿ ಬರುವವರು ಬಹುತೇಕ ಉತ್ತರ ಕರ್ನಾಟಕದ ಕೂಲಿಯವರು. ನಾವು ಮೇಜಿನ ಹಿಂದೆ ಕೂತಿರುತ್ತಿದ್ದೆವು, ಅವರು ಮುಂದೆ ನಿಂತಿರುತ್ತಿದ್ದರು. ಇದು ನನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳು. ಬಿತ್ತು, ಸುಮ್ಮನಿದ್ದೆ. ಅಲ್ಲಿ ಕಾಫಿ ಚೆನ್ನಾಗಿರುತ್ತಿತ್ತು.

ಹೋದ ವರ್ಷ ಒಬ್ಬ ಹೆಂಗಸಿನ ಅರ್ಜಿ ಬಂತು. ವಡಾಲದ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ಗಂಡ ಗಾರೆ ಕೆಲಸದವನು. ಹಳೆಯ ಮಿಲ್ಲಿನ ಜಾಗದಲ್ಲಿ ಏಳುತ್ತಿದ್ದ ಟವರಿನ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆರು ತಿಂಗಳೊಳಗೆ ಕಾಲಿನ ಮೇಲೆ ಭಾರ ಹಾಕಿದರೆ ಕಾಲು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು. ಕಂಟ್ರಾಕ್ಟರ್ ಫೋನ್ ಎತ್ತುತ್ತಿರಲಿಲ್ಲ. ಆಕೆ ಕೇಳಿದ್ದು ಆ ಆರು ತಿಂಗಳಿಗೆ ಅಕ್ಕಿ, ಬೇಳೆ, ಎಣ್ಣೆ. ನಿಯಮದಂತೆ ಸಮಿತಿ ಮನೆ ನೋಡಬೇಕಿತ್ತು. ಭಾನುವಾರ ಬರುತ್ತೇವೆಂದು ಕಾರ್ಯದರ್ಶಿಗಳು ಮೊದಲೇ ಫೋನ್ ಮಾಡಿ ಹೇಳಿದರು.

ಮೂವರು ಹೋದೆವು. ಬಾಗಿಲಲ್ಲೇ ಕಾಲು ತೊಳೆಯಲು ನೀರು ಇಟ್ಟಿತ್ತು.

“ಬರ್ರಿ ಸರ, ಒಳಗ ಬರ್ರಿ. ಕುಂದರ್ರಿ.”

ಒಳಗೆ ಮೂರು ಗಾದಿ ಕುರ್ಚಿ, ನಮ್ಮ ಕಡೆಗೇ ತಿರುಗಿಸಿಟ್ಟ ಟೇಬಲ್ ಫ್ಯಾನು, ಚಿನ್ನದಂಚಿನ ಕಪ್ಪು-ಬಸಿ, ಬಿಸಿಬಿಸಿ ಉಪ್ಪಿಟ್ಟು. ಗಂಡ ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಕಾಲನ್ನು ಹೊದಿಕೆಯಡಿ ಮುಚ್ಚಿಕೊಂಡು, ಎದ್ದು ಕೂರಲು ಹೆಣಗುತ್ತಲೇ ಕೈಮುಗಿದ. ನಾವು ತಿಂದೆವು. ಕಾರ್ಯದರ್ಶಿಗಳು ಎರಡನೆಯ ಸಲ ಹಾಕಿಸಿಕೊಂಡರು. ಕಾಲಿನ ವಿಷಯ ಯಾರೂ ಕೇಳಲಿಲ್ಲ.

ಗಲ್ಲಿಗೆ ಇಳಿದೊಡನೆ ಕಾರ್ಯದರ್ಶಿಗಳು ಶುರು ಮಾಡಿದರು. “ಎಂತ ಬಡತನ ಮಾಷ್ಟ್ರೇ ಇದು? ಗಾದಿ ಕುರ್ಚಿ ಉಂಟು, ಫ್ಯಾನ್ ಉಂಟು. ನಮ್ಮ ಮನೆಯಲ್ಲಿ ಸಹ ಇಷ್ಟು ಉಪಚಾರ ಇಲ್ಲ ಮಾರಾಯ್ರೆ!”

ಅರ್ಜಿಯ ಕಡತವನ್ನು ಆ ಮನೆಯಲ್ಲೇ ಬಿಟ್ಟು ಬಂದಿದ್ದೆ. ತರಲು ಹಿಂದಿರುಗಿದೆ. ಆಕೆ ಕುರ್ಚಿಯೊಂದನ್ನು ಎತ್ತಿ ಪಕ್ಕದ ಮನೆಯವರಿಗೆ ಕೊಡುತ್ತಿದ್ದಳು. ಫ್ಯಾನು ಆಗಲೇ ಹೋಗಿತ್ತು. ನನ್ನನ್ನು ಕಂಡು ನಾಚಿ ನಕ್ಕಳು.

“ಬಾಜೂ ಮನಿಯವರದ್ದರಿ ಸರ. ದೊಡ್ಡ ಮಂದಿ ಮನಿಗೆ ಬರಾಕತ್ತಾರ, ನೆಲದ ಮ್ಯಾಲ ಹೆಂಗ ಕುಂದರಸೂದು?”

ಸಭೆಯಲ್ಲಿ ಇದನ್ನು ಹೇಳಿದೆ. ಅಷ್ಟು ಮಾತ್ರ ಮಾಡಿದೆ. ಕಾರ್ಯದರ್ಶಿಗಳ ಮುಖ ಅರಳಿತು.

“ಹಾಗಾದ್ರೆ ಸಮಿತಿಗೆ ಮೋಸ ಮಾಡಿದ್ದು ಅಲ್ವಾ? ಇಂಥವರನ್ನು ನಂಬುದು ಹೇಗೆ?”

ಕುರ್ಚಿ ಆಕೆಯದಾದರೆ ಆಕೆ ಬಡವಳಲ್ಲ, ಆಕೆಯದಲ್ಲದಿದ್ದರೆ ಸುಳ್ಳುಗಾತಿ. ಎಂಥ ನ್ಯಾಯ! ಆ ಕ್ಷಣ ಆ ಮನುಷ್ಯನನ್ನು ನಾನು ದ್ವೇಷಿಸಿದೆ, ಈಗಲೂ ದ್ವೇಷಿಸುತ್ತೇನೆ. ಆದರೆ ಮೂವತ್ತು ವರ್ಷ ಮೇಜು ಗುದ್ದಿದ ಕೈ ಅಂದು ಏಳಲಿಲ್ಲ. ‘ಪಾಪ, ಹಾಗಲ್ಲ ಅದು’ ಎಂದು ಗೊಣಗಿ, ತಿರಸ್ಕಾರದ ಠರಾವಿಗೆ ಎಲ್ಲರೂ ರುಜು ಹಾಕಿದ ಮೇಲೆ ನಾನೂ ಹಾಕಿದೆ. ಓದೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಊರಲ್ಲಿ ಬೈಯುವುದು ನನ್ನಂಥವರನ್ನೇ. ಬ್ರಿಟಿಷ್ ಅಧಿಕಾರಿಗಾದರೂ ಅದು ಸಂಬಳದ ಕೆಲಸ. ನಾನು ಪುಕ್ಕಟೆ ಮಾಡಿದೆ.

ಅರ್ಜಿ ತಿರಸ್ಕಾರವಾಯಿತೆಂದು ಸಂಘ ಫೋನಿನಲ್ಲಿ ತಿಳಿಸಿತು, ಕಾರಣ ಹೇಳಲಿಲ್ಲ. ಮೂರು ವಾರ ಬಿಟ್ಟು, ಮನಸ್ಸು ತಡೆಯದೆ, ಒಂದು ಚೀಲ ಅಕ್ಕಿ ಹೊರಿಸಿಕೊಂಡು ನಾನೇ ವಡಾಲಕ್ಕೆ ಹೋದೆ. ಮಂಚ ಖಾಲಿಯಿತ್ತು.

“ಎಲ್ಲಿ ಅವರು?”

“ನಾಕಾಕ್ಕ ಹೋಗ್ಯಾರ್ರಿ.” ಕೂಲಿಗೆ ಕರೆಯುವವರಿಗಾಗಿ ಗಾರೆಯವರು ಬೆಳಿಗ್ಗೆ ಕಾದು ನಿಲ್ಲುವ ಜಾಗ ಅದು. “ಪ್ಲಾಸ್ಟರ್ ಇದ್ರ ಯಾರೂ ಕರಿಯಂಗಿಲ್ಲಂತ ತಾವ ಕೊಯ್ದ ಒಗದ್ರು. ರಾತ್ರಿ ಕಾಲು ಊದತೈತಿ. ಏನ್ ಮಾಡೂದ್ರಿ?”

ನಾನು ಅಕ್ಕಿ ಒಳಗಿಡಿಸಿದೆ. ಆಕೆ ಅದನ್ನು ಮುಟ್ಟಲಿಲ್ಲ. ಬಹಳ ದಿನದಿಂದ ಯಾರನ್ನೋ ಕೇಳಬೇಕೆಂದಿದ್ದವಳಂತೆ ತಗ್ಗಿದ ದನಿಯಲ್ಲಿ ಕೇಳಿದಳು:

“ಅವತ್ತ ಉಪಚಾರದಾಗ ನಮ್ಮ ಕಡಿಂದ ಏನರ ಕಡಿಮಿ ಆಗಿತ್ತೇನ್ರಿ ಸರ?”

ಇಲ್ಲ ಎಂದೆ. ಕಡಿಮೆಯಾಗಿದ್ದರೆ ನಿನ್ನ ಗಂಡ ಇವತ್ತು ಮಂಚದ ಮೇಲೆಯೇ ಇರುತ್ತಿದ್ದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.