ಗೆಳೆಯನ ಪರವಾಗಿ ಆಡಿದ ಮಾತು

ಶಾಲೆಯ ಗೋಡೆಯ ಮೇಲೆ ಸರ್ಕಾರಕ್ಕೆ ಧಿಕ್ಕಾರವೆಂದು ಇದ್ದಿಲಿನಿಂದ ಬರೆದವನು ನಾನು, ಈರಣ್ಣಾ. ನೀನಲ್ಲ. ನೀನೀಗ ಎಲ್ಲಿದ್ದೀಯೋ, ಇದ್ದೀಯೋ ಇಲ್ಲವೋ — ಆದರೂ ನಿನಗೇ ಹೇಳುತ್ತಿದ್ದೇನೆ.

ಎರಡನೇ ಮಹಾಯುದ್ಧದ ವರ್ಷಗಳು, ಬ್ರಿಟಿಷರ ಕಾಲ. ಆದೋನಿಯ ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ನಾನು ಹೊಳಗುಂದದ ಶಾನಭೋಗರ ಮಗ. ನೀನು ಎಮ್ಮಿಗನೂರಿನ ನೇಕಾರರವನು. ಹಿಂದೆ ರೋಮಿನ ಹುಡುಗರು ಭಾಷಣ ಕಲಿಯುತ್ತಿದ್ದ ಬಗೆಯನ್ನು ಚರಿತ್ರೆಯ ಮೇಷ್ಟ್ರು ವೆಂಕೋಬರಾಯರು ನಮ್ಮಿಂದಲೂ ಮಾಡಿಸುತ್ತಿದ್ದರು. ಇಲ್ಲದ ಮೊಕದ್ದಮೆಯೊಂದನ್ನು ಹೂಡಿ, ಇವತ್ತು ಆರೋಪಿಯ ಪರ ವಾದ, ನಾಳೆ ಅದೇ ಬಾಯಿಂದ ಅವನ ವಿರುದ್ಧ. ದನಿ ಎಲ್ಲಿ ತಗ್ಗಬೇಕು, ಕೈ ಯಾವಾಗ ಏಳಬೇಕು — ನನಗೆ ಬೇಗ ಹತ್ತಿತು. ಮಾತುಗಾರ ಮೊದಲು ಸಜ್ಜನನಾಗಿರಬೇಕೆಂದೂ ರೋಮಿನಲ್ಲಿ ಕಲಿಸುತ್ತಿದ್ದರಂತೆ. ಅದನ್ನು ನಾನು ಬರೆದುಕೊಂಡೆ, ಅಷ್ಟೆ. ವಾದಗಳನ್ನು ಹುಡುಕಿ ಕೊಡುತ್ತಿದ್ದವನು ನೀನು. ನಿನಗೆ ಉಗ್ಗು, ಮಾತಾಡಲು ಆಗುತ್ತಿರಲಿಲ್ಲ.

ನಾನು ಸಿಕ್ಕಿಬೀಳಬಾರದೆಂದು ನೀನು ಆ ಬರಹವನ್ನು ಅಳಿಸಲು ಹೋಗಿದ್ದೆ. ಕೈಯೆಲ್ಲ ಮಸಿ ಮಾಡಿಕೊಂಡು ಜವಾನನಿಗೆ ಸಿಕ್ಕಿದೆ.

“ಇವನ ಗೆಳೆಯ ನೀನಲ್ಲೇನು? ಏನು ಗೊತ್ತೈತಿ, ಹೇಳು,” ಎಂದು ನನ್ನನ್ನು ಕರೆಸಿ ಕೇಳಿದರು ಹೆಡ್‌ಮಾಸ್ತರರು.

ನಾನು ನಿನ್ನ ಮೇಲೆ ದೂರು ಹೇಳಲಿಲ್ಲ — ಅದಕ್ಕಿಂತ ಹೀನವಾದದ್ದನ್ನು ಮಾಡಿದೆ. ನಿನಗಾಗಿ ಬೇಡಿಕೊಂಡೆ.

“ಸಾರ್, ಬಡವರ ಹುಡುಗ ಅದಾನ. ತಂದಿ ಇಲ್ಲ. ತಿಳೀದ ಬರದಾನ. ಈ ಒಂದು ಸಲ ಮಾಫ್ ಮಾಡ್ರಿ.”

ದನಿ ತಗ್ಗಿಸಬೇಕಾದಲ್ಲಿ ತಗ್ಗಿಸಿದೆ. ನೀನು ನನ್ನತ್ತ ತಿರುಗಿ “ನಾ... ನಾ... ನಾನ...” ಎಂದೆ. ಯಾರೋ ನಕ್ಕರು. ಹೆಡ್‌ಮಾಸ್ತರರು ಅದನ್ನು ಒಪ್ಪಿಗೆಯೆಂದೇ ಬಗೆದರು. ಅಂದೇ ನಿನ್ನ ಹೆಸರು ಹೊಡೆದುಹಾಕಿದರು. ವೆಂಕೋಬರಾಯರು ನನ್ನ ಬೆನ್ನು ತಟ್ಟಿ, “ಗೆಳೆಯನ ಸಲುವಾಗಿ ಎಷ್ಟು ಚಂದ ಮಾತಾಡಿದ್ಯೋ!” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು — ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸಿದೆ.

ಎರಡು ವರ್ಷದ ಮೇಲೆ ನಾನು ಎಮ್ಮಿಗನೂರಿಗೆ ಬಂದೆ, ಹೇಳಿಬಿಡಬೇಕೆಂದೇ. ನೀನು ಸೊಲ್ಲಾಪುರದ ಗಿರಣಿಗೆ ಹೋದವನು ಕಾಗದವನ್ನೂ ಬರೆದಿರಲಿಲ್ಲ. ನಿನ್ನವ್ವ ಮಗ್ಗದಿಂದೆದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನೀನು ಅವನ್ನ ಉಳಿಸಾಕ ನೋಡಿದ್ಯಂತಲ್ಲಪ್ಪಾ. ತಪ್ಪು ಮಾಡಿದಾಂವ ನನ್ನ ಮಗನ. ಅವನ್ನ ಹೊಡದು ಹೊರಗ ಹಾಕಿದೆ, ನಾನ.”

ಆಗ ಒಂದು ವಾಕ್ಯ ಸಾಕಿತ್ತು. ಅಷ್ಟು ಮಾತು ಕಲಿತವನು — ಆಕೆ ಕೊಟ್ಟ ಮಜ್ಜಿಗೆ ಕುಡಿದು, “ಬರ್ತೀನವ್ವಾ” ಎಂದು ಎದ್ದುಬಂದೆ.

ನಿನ್ನವ್ವ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು, ಈರಣ್ಣಾ. ತಪ್ಪು ನಿನ್ನದೆಂದೇ ನಂಬಿ ತೀರಿಕೊಂಡಳು.